ಕಾರು ಹೋಯಿತು, ಹೆಸರು ಉಳಿಯಿತು: ಅಂತರಜಾಲದ ಖಾಸಗಿ ಮಾರಾಟ ಮತ್ತು ತೀರದ ಹೊಣೆ

ಹಚ್ಚೊಳ್ಳಿ (ಸಿರುಗುಪ್ಪ ತಾಲ್ಲೂಕು): ಭತ್ತದ ಗದ್ದೆಗಳ ಸೀಮೆಯ ಈ ಹೋಬಳಿಯಲ್ಲಿ ಹಳೆಯ ವಾಹನವೊಂದನ್ನು ಮಾರುವುದು ಹಿಂದೆ ಊರಿನೊಳಗಿನ ವ್ಯವಹಾರವಾಗಿತ್ತು. ಕೊಳ್ಳುವವರು ಪಕ್ಕದ ಹಳ್ಳಿಯವರು. ನಡುವೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರು. ಮುಂಗಡ ಕೊಟ್ಟದ್ದಕ್ಕೆ ಚಹಾದಂಗಡಿಯಲ್ಲಿ ಕುಳಿತವರೇ ಸಾಕ್ಷಿ. ಆರ್‌ಸಿಯಲ್ಲಿ ಹೆಸರು ಬದಲಾಗುವುದು ವರ್ಷ ತಡವಾದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ವಾಹನ ಈಗ ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಆ ಕಾಲ ಕಳೆದಿದೆ. ಮೊಬೈಲ್‌ನಲ್ಲಿ ತೆಗೆದ ನಾಲ್ಕು ಚಿತ್ರ, ಎರಡು ಸಾಲಿನ ವಿವರಣೆ ಅಂತರಜಾಲದ ಜಾಹೀರಾತು ತಾಣಕ್ಕೆ ಏರಿದರೆ ಸಾಕು, ಆದೋನಿಯಿಂದ ಹೈದರಾಬಾದಿನವರೆಗೆ, ಬೆಂಗಳೂರಿನಿಂದ ಕೊಚ್ಚಿಯವರೆಗೆ ಕರೆಗಳು ಬರುತ್ತವೆ. ಮಾರುಕಟ್ಟೆ ಹಿಗ್ಗಿತು, ಪರಿಚಯ ಕುಗ್ಗಿತು. ಆದರೆ ಪರಿಚಯದ ಕಾಲದಲ್ಲಿ ರೂಢಿಯಾಗಿದ್ದ ಸಡಿಲ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಹಣ ಕೈಗೆ ಬಂದೊಡನೆ ಕೀಲಿಕೈ ಕೊಡುವುದು, ಖಾಲಿ ಫಾರಂಗಳಿಗೆ ಸಹಿ ಹಾಕುವುದು, ಉಳಿದದ್ದನ್ನು ಕೊಂಡವರಿಗೆ ಬಿಡುವುದು. ಅಪರಿಚಿತರ ಸಂತೆಯಲ್ಲಿ ಈ ಅಭ್ಯಾಸಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಹಳೆಯ ಕ್ರೀಡಾ ಕಾರುಗಳ ಖಾಸಗಿ ಮಾರಾಟದಲ್ಲಿ ಈ ಅಪಾಯ ಎದ್ದು ಕಾಣುತ್ತದೆ. ಅಂತಹ ಕಾರುಗಳ ಸಂಖ್ಯೆ ಕಡಿಮೆ, ಆಸಕ್ತರು ದೂರದೂರದವರು, ದರಕ್ಕೆ ಸಿದ್ಧ ಪಟ್ಟಿ ಇಲ್ಲ, ಕಾಗದಪತ್ರ ಹಳೆಯದು. ಕೆಲವುಗಳ ತಯಾರಕರೇ ಈಗ ಮಾರುಕಟ್ಟೆಯಲ್ಲಿಲ್ಲ.

ಕರ್ನಾಟಕದ ನಂಟು

ಕ್ರೀಡಾ ಕಾರು ಎಂದೊಡನೆ ಇಟಲಿ, ಜರ್ಮನಿಗಳ ಹೆಸರು ನೆನಪಾಗುವುದು ಸಹಜ. ಆದರೆ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ತಯಾರಿಸಿತ್ತು. ಫೈಬರ್‌ಗ್ಲಾಸ್ ಮೈಯ ಈ ಹಗುರ ಕಾರು ಮನೆಮಂದಿಯ ವಾಹನವಾಗಿ ಜನಪ್ರಿಯವಾಗಲಿಲ್ಲವಾದರೂ ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ‘ಸ್ಟಾರ್ಮ್’ ಎಂಬ ತೆರೆದ ಮಾಡಿನ ಎರಡಾಸನದ ಕಾರನ್ನು ಹೊರತಂದಿತು. ಅದಕ್ಕಿದ್ದದ್ದು ರೆನೊ ಕಂಪನಿಯ 1,149 ಸಿ.ಸಿ. ಎಂಜಿನ್. ರಸ್ತೆಗಿಳಿದ ಕಾರುಗಳ ಸಂಖ್ಯೆ ಅಲ್ಪವಾದ್ದರಿಂದಲೇ ಇಂದು ಹವ್ಯಾಸಿಗಳು ಅದನ್ನು ಹುಡುಕುತ್ತಾರೆ.

ಬಳ್ಳಾರಿಗೆ ಇನ್ನೊಂದು ಅಧ್ಯಾಯವೂ ಉಂಟು. ಕಬ್ಬಿಣದ ಅದಿರಿನ ರಫ್ತು ಏರುಮುಖದಲ್ಲಿದ್ದ ಕಾಲದಲ್ಲಿ ಬಳ್ಳಾರಿ, ಹೊಸಪೇಟೆಗಳ ಧೂಳು ತುಂಬಿದ ರಸ್ತೆಗಳಿಗೆ ವಿದೇಶಿ ಐಷಾರಾಮಿ ಕಾರುಗಳು ಬಂದಿಳಿದದ್ದು ರಾಜ್ಯದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡುವುದರೊಂದಿಗೆ ಆ ವೈಭವಕ್ಕೆ ತೆರೆ ಬಿತ್ತು. ಅಂದು ಕೊಂಡ ಕಾರುಗಳು ಈಗ ನೋಂದಣಿಯ ಮೊದಲ ಹದಿನೈದು ವರ್ಷದ ಅವಧಿಯನ್ನು ಮುಗಿಸಿವೆ ಅಥವಾ ಮುಗಿಸುವ ಹಂತದಲ್ಲಿವೆ. ಇಟ್ಟುಕೊಂಡರೆ ಖರ್ಚು, ಮಾರಿದರೆ ತೊಡಕು ಎಂಬ ಸ್ಥಿತಿ ಮಾಲೀಕರದು.

‘ಕ್ಲಾಸಿಕ್’ ಕಾನೂನಿನ ಪದವಲ್ಲ

ಜಾಹೀರಾತುಗಳಲ್ಲಿ ಧಾರಾಳವಾಗಿ ಬಳಕೆಯಾಗುವ ‘ಕ್ಲಾಸಿಕ್’ ಎಂಬ ಪದಕ್ಕೆ ಮೋಟಾರು ವಾಹನ ಕಾನೂನಿನಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಕಾನೂನು ಗುರುತಿಸುವುದು ‘ವಿಂಟೇಜ್’ ವಾಹನವನ್ನು. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಮೂಲರೂಪ ಗಣನೀಯವಾಗಿ ಬದಲಾಗದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಷ್ಟೇ ಈ ವರ್ಗಕ್ಕೆ ಸೇರುತ್ತವೆ. ಅವುಗಳ ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ಬಳಿಕ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ನೋಂದಣಿ ಹತ್ತು ವರ್ಷ ಊರ್ಜಿತ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಉದ್ದೇಶಗಳಿಗಷ್ಟೇ ಇವು ರಸ್ತೆಗಿಳಿಯಬಹುದು.

ಈ ಅಳತೆಯಲ್ಲಿ ಸಿಪಾನಿ ಡಾಲ್ಫಿನ್ ವಿಂಟೇಜ್ ಆಗಲು 2030ರ ದಶಕ ಬರಬೇಕು. ಸ್ಯಾನ್ ಸ್ಟಾರ್ಮ್‌ಗೆ ಇನ್ನೂ ಎರಡು ದಶಕ ಬೇಕು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅವು ಕೇವಲ ಹಳೆಯ ಕಾರುಗಳು. ಹಳೆಯ ಕಾರುಗಳ ನೋಂದಣಿ ನವೀಕರಣ ಶುಲ್ಕವಾದರೋ ಏರುತ್ತಲೇ ಇದೆ. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದ ಶುಲ್ಕ 5,000 ರೂಪಾಯಿಗೆ, ಆಮದು ಕಾರಿಗೆ 40,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನ ತಿದ್ದುಪಡಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಇದನ್ನು 10,000 ರೂಪಾಯಿಗೂ, ಆಮದು ಕಾರುಗಳಿಗೆ 80,000 ರೂಪಾಯಿಗೂ ಹೆಚ್ಚಿಸಿತು. ನವೀಕರಣವಾಗದ ಕಾರಿಗೆ ಒಳ್ಳೆಯ ಬೆಲೆ ಹುಟ್ಟದು. ಆದ್ದರಿಂದ ಅನೇಕರು ‘ಇದ್ದ ಸ್ಥಿತಿಯಲ್ಲೇ ಮಾರಾಟಕ್ಕಿದೆ’ ಎಂದು ಬರೆದು ಕೈತೊಳೆದುಕೊಳ್ಳಲು ನೋಡುತ್ತಾರೆ. ತೊಡಕು ಆರಂಭವಾಗುವುದು ಇಲ್ಲಿಂದಲೇ.

ಹೆಸರಿದ್ದವರೇ ಮಾಲೀಕರು

ಹಣ ಪಡೆದು ಕಾರನ್ನು ಒಪ್ಪಿಸಿದರೆ ಮಾಲೀಕತ್ವ ಮುಗಿಯಿತು ಎಂಬುದು ಜನಸಾಮಾನ್ಯರ ನಂಬಿಕೆ. ಆದರೆ ಮೋಟಾರು ವಾಹನ ಕಾಯ್ದೆಯಲ್ಲಿ ‘ಮಾಲೀಕ’ ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಿತು. ಪ್ರಕರಣ ಹರಿಯಾಣ ನೋಂದಣಿಯ ಒಂದು ಸಾಮಾನ್ಯ ಮಾರುತಿ 800 ಕಾರಿನದು. ನೋಂದಾಯಿತ ಮಾಲೀಕರು 2007ರಲ್ಲಿಯೇ ಅದನ್ನು ಮಾರಿದ್ದುದಾಗಿ ಹೇಳಿದ್ದರು. ಆ ಬಳಿಕ ಕಾರು ಕೈಯಿಂದ ಕೈಗೆ ಹೋಗಿತ್ತು. 2009ರ ಮೇ ತಿಂಗಳಲ್ಲಿ ಹಿಂದಕ್ಕೆ ಚಲಿಸುವಾಗ ಆ ಕಾರು ಬಡಿದು ಒಬ್ಬರು ಮೃತಪಟ್ಟು, ಇನ್ನೊಬ್ಬರು ಗಾಯಗೊಂಡರು. ಪರಿಹಾರ ಕೊಡಬೇಕಾದವರು ಯಾರು?

ಹೈಕೋರ್ಟ್ ಕೊನೆಗೆ ಕೊಂಡವರತ್ತ ಬೆರಳು ತೋರಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಡತದಲ್ಲಿ ಹೆಸರಿದ್ದವರೇ ಹೊಣೆ ಎಂದಿತು. ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡ ಕುಟುಂಬ, ನೋಂದಣಿ ಪ್ರಾಧಿಕಾರಕ್ಕೆ ತಿಳಿಸದೇ ನಡೆದ ಮಾರಾಟಗಳ ಸರಪಳಿಯ ಹಿಂದೆ ಅಲೆಯುವಂತಾಗಬಾರದು ಎಂಬುದು ಆ ತೀರ್ಪಿನ ತಿರುಳು. ಇದರಲ್ಲಿ ನ್ಯಾಯವಿದೆ. ಸಂತ್ರಸ್ತರ ಕೈಗೆ ಸಿಗುವುದು ಸಂಖ್ಯಾಫಲಕ ಒಂದೇ. ಆ ಸಂಖ್ಯೆಯಿಂದ ತಲುಪಬಹುದಾದ ವ್ಯಕ್ತಿ ಒಬ್ಬರೇ.

ವಿಮೆ ಊರ್ಜಿತವಾಗಿದ್ದರೆ ಹೊರೆ ವಿಮಾ ಕಂಪನಿಯ ಮೇಲೆ ಬೀಳುತ್ತದೆ. ಆದರೆ ಕೊಂಡವರು ವಿಮೆಯನ್ನು ನವೀಕರಿಸದೇ ಬಿಟ್ಟರೆ? ಕಾರನ್ನು ಎಂದೋ ಮರೆತ ಮಾರಾಟಗಾರರ ಹೊಲ, ಮನೆ, ಉಳಿತಾಯದ ಮೇಲೆಯೇ ಪರಿಹಾರದ ಭಾರ ಬರಬಹುದು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಗೆ ಇದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ.

ಪೊಲೀಸ್ ತನಿಖೆಯೂ ಇದೇ ಹಾದಿ ಹಿಡಿಯುತ್ತದೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಸ್ಫೋಟಗೊಂಡ ಕಾರು ಹಲವು ಕೈ ಬದಲಾಯಿಸಿದ್ದ ಹರಿಯಾಣ ನೋಂದಣಿಯ ಹಳೆಯ ಕಾರು. ತನಿಖಾಧಿಕಾರಿಗಳು ಮೊದಲು ವಿಚಾರಣೆಗೆ ಕರೆದೊಯ್ದವರಲ್ಲಿ, ಅದನ್ನು ಎಂದೋ ಮಾರಿದ್ದ, ದಾಖಲೆಯಲ್ಲಿ ಹೆಸರಿದ್ದ ವ್ಯಕ್ತಿಯೂ ಸೇರಿದ್ದರು.

ಖಾಲಿ ಫಾರಂನ ಪಯಣ

ಹೆಸರು ಏಕೆ ಬದಲಾಗುವುದಿಲ್ಲ? ಕಾನೂನಿನಲ್ಲಿ ಗಡುವು ಇಲ್ಲದೇ ಇಲ್ಲ. ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು. ಇದಕ್ಕಾಗಿಯೇ ಇರುವುದು ಫಾರಂ 29 ಮತ್ತು ಫಾರಂ 30. ಸಾಲ ಪಡೆದು ಕೊಂಡ ಕಾರಾದರೆ ಸಾಲ ತೀರಿದ್ದಕ್ಕೆ ಫಾರಂ 35 ಕೂಡ ಬೇಕು.

ರೂಢಿ ಬೇರೆಯೇ ಇದೆ. ಕೊಳ್ಳುವವರ ಹೆಸರು, ದಿನಾಂಕ ಎರಡನ್ನೂ ಖಾಲಿ ಬಿಟ್ಟು ಮಾರಾಟಗಾರರಿಂದ ಸಹಿ ಪಡೆಯಲಾಗುತ್ತದೆ. ಹವ್ಯಾಸಿಯೆಂದು ಹೇಳಿಕೊಂಡು ಬಂದವರು ವಾಸ್ತವದಲ್ಲಿ ದಲ್ಲಾಳಿಯಾಗಿರಬಹುದು. ತನ್ನ ಹೆಸರಿಗೆ ಒಮ್ಮೆ ವರ್ಗಾಯಿಸಿಕೊಂಡರೆ ದಾಖಲೆಯಲ್ಲಿ ಮಾಲೀಕರ ಸಂಖ್ಯೆ ಒಂದು ಹೆಚ್ಚುತ್ತದೆ, ಬೆಲೆ ಕುಸಿಯುತ್ತದೆ ಎಂಬುದು ಅವರ ಲೆಕ್ಕ. ಆದ್ದರಿಂದ ಸಹಿ ಮಾಡಿದ ಫಾರಂ ಕಾರಿನ ಜೊತೆಗೇ ಊರೂರು ಸುತ್ತುತ್ತದೆ. ಮುಂದಿನ ಗಿರಾಕಿ ಸಿಗುವವರೆಗೆ ದಂಡದ ನೋಟಿಸ್, ಫಾಸ್ಟ್ಯಾಗ್ ಕಡಿತದ ಸಂದೇಶ ಎಲ್ಲವೂ ಬರುವುದು ಹಳೆಯ ಮಾಲೀಕರ ಮೊಬೈಲ್‌ಗೆ.

ವ್ಯಾಪಾರಿಗಳ ವಿಷಯದಲ್ಲಿ ಸರ್ಕಾರ ಈ ರಂಧ್ರವನ್ನು ಮುಚ್ಚಲು ಯತ್ನಿಸಿದೆ. 2022ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ಹಳೆಯ ವಾಹನಗಳ ವ್ಯಾಪಾರಿ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ಅಂತಹ ವ್ಯಾಪಾರಿಗೆ ವಾಹನ ಒಪ್ಪಿಸಿದ ವಿಷಯವನ್ನು ಮಾಲೀಕರು ಪೋರ್ಟಲ್ ಮೂಲಕ ತಿಳಿಸಿದರೆ ಅಲ್ಲಿಂದ ಮುಂದೆ ವ್ಯಾಪಾರಿಯೇ ಮಾಲೀಕರೆಂದು ಪರಿಗಣಿತರಾಗುತ್ತಾರೆ. ಆದರೆ ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಇಂತಹ ರಕ್ಷಣೆಯಿಲ್ಲ. ಅಂತರಜಾಲದ ಜಾಹೀರಾತು ತಾಣ ಇಬ್ಬರನ್ನು ಭೇಟಿ ಮಾಡಿಸಿ ಬದಿಗೆ ಸರಿಯುತ್ತದೆ. ಮಾರಾಟಗಾರರಿಗೆ ಹೆಚ್ಚಿನ ಬೆಲೆ ಸಿಗುವುದೂ ಈ ಖಾಸಗಿ ದಾರಿಯಲ್ಲಿಯೇ, ಹೆಚ್ಚಿನ ಹೊಣೆ ಉಳಿಯುವುದೂ ಈ ದಾರಿಯಲ್ಲಿಯೇ.

ಗಡಿ ದಾಟುವಾಗ

ಸಿರುಗುಪ್ಪದಂತಹ ಗಡಿ ತಾಲ್ಲೂಕಿನಲ್ಲಿ ಪ್ರಶ್ನೆ ಇನ್ನಷ್ಟು ಸಿಕ್ಕಾಗುತ್ತದೆ. ಕರ್ನೂಲು ಜಿಲ್ಲೆಯ ಆದೋನಿ ಇಲ್ಲಿಯವರಿಗೆ ನೆರೆಯ ಪೇಟೆ. ಬಂಧುಬಳಗ, ವ್ಯಾಪಾರ ಎರಡೂ ಗಡಿಯಾಚೆಗೆ ಚಾಚಿವೆ. ಆದರೆ ಕೆಎ-34 ಸಂಖ್ಯೆಯ ಕಾರನ್ನು ಆದೋನಿಯವರಿಗೆ ಮಾರಿದರೆ ಅದು ಅಂತರರಾಜ್ಯ ಮಾರಾಟ. ಬಳ್ಳಾರಿಯ ಆರ್‌ಟಿಒ ಕಚೇರಿಯಿಂದ ಫಾರಂ 28ರ ಮೂಲಕ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಪಡೆಯಬೇಕು. ಮಾರಿದವರಿಗೆ ಇಲ್ಲಿ 45 ದಿನಗಳ ಗಡುವು. ತೆರಿಗೆ ಬಾಕಿ, ದಂಡ ಬಾಕಿ ಇದ್ದರೆ ಅದು ತೀರಬೇಕು. ಆಂಧ್ರದಲ್ಲಿ ಕೊಂಡವರು ಆ ರಾಜ್ಯದ ತೆರಿಗೆ ಕಟ್ಟಿ ಹೊಸ ಸಂಖ್ಯೆ ಪಡೆಯಬೇಕು. ತೆರಿಗೆ ಉಳಿಸುವ ಆಸೆಯಿಂದ ಅನೇಕರು ಎನ್‌ಒಸಿ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಾರೆ. ಎನ್‌ಒಸಿ ನೀಡಿದ ಮಾತ್ರಕ್ಕೆ ಹೆಸರು ಬದಲಾಗದು ಎಂಬುದನ್ನು ಮಾರಿದವರು ಮರೆಯುವಂತಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಶೇ 18ರ ಜೀವಾವಧಿ ತೆರಿಗೆ ಇರುವುದರಿಂದ ಹೊರರಾಜ್ಯದ ನೋಂದಣಿಯಲ್ಲೇ ಇಲ್ಲಿ ಓಡುವ ಐಷಾರಾಮಿ ಕಾರುಗಳು ಕಡಿಮೆಯಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಇಂತಹ ಕಾರುಗಳನ್ನು ಸಾಲುಸಾಲಾಗಿ ವಶಪಡಿಸಿಕೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು, ಭೂತಾನ್‌ನಿಂದ ಅಕ್ರಮವಾಗಿ ತಂದು ನಕಲಿ ದಾಖಲೆಗಳಿಂದ ನೋಂದಾಯಿಸಿದ ಆರೋಪದ ಮೇಲೆ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ವಶಕ್ಕೆ ಪಡೆದರು. ಇಂತಹ ಘಟನೆಗಳ ಪರಿಣಾಮವನ್ನು ಪ್ರಾಮಾಣಿಕ ಮಾರಾಟಗಾರರೂ ಎದುರಿಸಬೇಕಾಗಿದೆ. ಆಮದು ಕಾರಿನ ಸುಂಕದ ದಾಖಲೆ ತೋರಿಸದಿದ್ದರೆ ಅರಿವುಳ್ಳ ಗ್ರಾಹಕರು ಮುಂದೆ ಬರುವುದಿಲ್ಲ.

ಕಾರಿನ ಸ್ವರೂಪವೂ ಆರ್‌ಸಿಗೆ ತಾಳೆಯಾಗಬೇಕು. ಹಳೆಯ ಕ್ರೀಡಾ ಕಾರುಗಳಿಗೆ ಮೂಲ ಎಂಜಿನ್ ಕೆಟ್ಟಾಗ ಬೇರೆ ಎಂಜಿನ್ ಕೂರಿಸುವುದು, ಬಣ್ಣ ಬದಲಿಸುವುದು, ಮಾಡು ಕತ್ತರಿಸುವುದು ಹವ್ಯಾಸಿಗಳಲ್ಲಿ ಸಾಮಾನ್ಯ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿಯಲ್ಲಿನ ಎಂಜಿನ್ ಸಂಖ್ಯೆ ಒಂದು, ಬಾನೆಟ್ ಕೆಳಗಿನ ಸಂಖ್ಯೆ ಮತ್ತೊಂದಾದರೆ ವರ್ಗಾವಣೆ ಅಲ್ಲಿಗೇ ನಿಲ್ಲುತ್ತದೆ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೆ ಅತಿ ಸುರಕ್ಷಿತ ಸಂಖ್ಯಾಫಲಕ ಅಳವಡಿಸಬೇಕೆಂದು 2023ರಲ್ಲಿ ಹೊರಡಿಸಿದ ಆದೇಶದಲ್ಲಿಯೂ, ಫಲಕವಿಲ್ಲದೆ ಮಾಲೀಕತ್ವ ವರ್ಗಾವಣೆ ಇಲ್ಲ ಎಂದು ರಾಜ್ಯ ಸಾರಿಗೆ ಇಲಾಖೆ ತಿಳಿಸಿತ್ತು.

ಹಣದ ಹಾದಿ

ಅಂತರಜಾಲದ ಮಾರಾಟದಲ್ಲಿ ಬಹುಚರ್ಚಿತ ಅಪಾಯ ಹಣದ ವಂಚನೆ. ಸೇನೆಯಲ್ಲಿರುವುದಾಗಿ ಹೇಳಿಕೊಂಡು, ಸಮವಸ್ತ್ರದ ಚಿತ್ರ, ಗುರುತಿನ ಚೀಟಿಯ ಪ್ರತಿ ಕಳುಹಿಸಿ, ಕಾರನ್ನು ನೋಡದೇ ಬೆಲೆ ಒಪ್ಪಿಕೊಳ್ಳುವ ಕರೆಗಳು ವರ್ಷಗಳಿಂದ ಪರಿಚಿತ. ಮುಂಗಡ ಪಡೆಯಲು ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಎಂಬುದು ಅವರ ಮುಂದಿನ ಮಾತು. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ, ಪಿನ್ ಒತ್ತುವ ಅಗತ್ಯವೂ ಇಲ್ಲ. ಎರಡೂ ಬೇಕಾಗುವುದು ಹಣ ಕೊಡುವಾಗ. ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೋರಿಕೆ’ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿರುವುದು ವಂಚಕರ ಒಂದು ದಾರಿಯನ್ನು ಮುಚ್ಚಿದೆ, ಎಲ್ಲವನ್ನೂ ಅಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ನಗದು ವ್ಯವಹಾರವೂ ಸುರಕ್ಷಿತವಲ್ಲ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರ ಏಪ್ರಿಲ್‌ನಿಂದಲೇ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಉಲ್ಲಂಘಿಸಿದರೆ ಪಡೆದ ಮೊತ್ತದಷ್ಟೇ ದಂಡ, ಅದೂ ಪಡೆದವರಿಗೆ.

ಲಾಭದ ಮೇಲಿನ ತೆರಿಗೆಯ ವಿಷಯದಲ್ಲಿಯೂ ಹವ್ಯಾಸಿಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಸ್ವಂತ ಬಳಕೆಯ ಕಾರು ‘ವೈಯಕ್ತಿಕ ವಸ್ತು’ವಾದ್ದರಿಂದ ಅದರ ಮಾರಾಟದ ಲಾಭಕ್ಕೆ ತೆರಿಗೆ ಇಲ್ಲವೆಂಬುದು ನಿಜ. ಆದರೆ 1931ರ ಮಾದರಿಯ ಫೋರ್ಡ್ ಟೂರರ್ ಕಾರೊಂದನ್ನು 1983ರಲ್ಲಿ 20,000 ರೂಪಾಯಿಗೆ ಕೊಂಡು, ಕೆಲವು ವರ್ಷಗಳ ಬಳಿಕ 21 ಲಕ್ಷ ರೂಪಾಯಿಗೆ ಮಾರಿದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ತೆರಿಗೆ ಇಲಾಖೆಯ ವಾದವನ್ನೇ ಎತ್ತಿಹಿಡಿಯಿತು. ಬಳಸಲು ಯೋಗ್ಯವಾಗಿದ್ದರೆ ಸಾಲದು, ವೈಯಕ್ತಿಕವಾಗಿ ಬಳಸಿದ್ದಕ್ಕೆ ಪುರಾವೆ ಬೇಕು ಎಂಬುದು ಅದರ ನಿಲುವು. ಹೊದಿಕೆ ಹಾಕಿ ನಿಲ್ಲಿಸಿದ ಕಾರು ಸಂಗ್ರಹದ ವಸ್ತುವೇ ಹೊರತು ಸವಾರಿಯ ವಾಹನವಲ್ಲ ಎಂದು ತೆರಿಗೆ ಅಧಿಕಾರಿ ವಾದಿಸಬಹುದು. ವಿಮೆ, ದುರಸ್ತಿ, ಇಂಧನದ ಹಳೆಯ ರಸೀದಿಗಳು ಅಂದು ಕೈ ಹಿಡಿಯುತ್ತವೆ.

ಆಗಬೇಕಾದದ್ದು

ಇಷ್ಟೆಲ್ಲದರ ನಡುವೆ ಎದ್ದು ಕಾಣುವ ಸಂಗತಿ ಒಂದು. ಮಾರಾಟಗಾರರಿಗೆ ಹೊಣೆಯನ್ನು ಹೊರಿಸುವ ಕಾನೂನು, ಆ ಹೊಣೆಯಿಂದ ಬೇಗ ಬಿಡುಗಡೆ ಹೊಂದುವ ಸರಳ ದಾರಿಯನ್ನು ಅವರಿಗೆ ಕೊಟ್ಟಿಲ್ಲ. ಅಧಿಕೃತ ವ್ಯಾಪಾರಿಗೆ ಒಪ್ಪಿಸಿದ ಮಾಹಿತಿಗೆ ಇರುವ ಬಲವನ್ನು, ಖಾಸಗಿ ಗ್ರಾಹಕರಿಗೆ ಒಪ್ಪಿಸಿದ ಮಾಹಿತಿಗೂ ಏಕೆ ನೀಡಬಾರದು? ಮಾರಿದವರು, ಕೊಂಡವರು ಇಬ್ಬರೂ ತಮ್ಮ ಮೊಬೈಲ್‌ಗೆ ಬಂದ ಒಟಿಪಿಯಿಂದ ಒಪ್ಪಿಗೆ ನೀಡಿದ ಗಳಿಗೆಯೇ ದಾಖಲೆಯಲ್ಲಿ ನಮೂದಾಗಿ, ಆ ಗಳಿಗೆಯಿಂದ ಹೊಣೆ ಕೊಂಡವರದಾದರೆ ಸಂತ್ರಸ್ತರಿಗೂ ಅನ್ಯಾಯವಾಗದು. ಏಕೆಂದರೆ ಆಗ ಸಂಖ್ಯಾಫಲಕ ಹೇಳುವ ಹೆಸರೇ ಕಾರಿನ ನಿಜವಾದ ಒಡೆಯರ ಹೆಸರಾಗಿರುತ್ತದೆ. ವ್ಯಾಪಾರಿಗಳಿಗಾಗಿ ರೂಪಿಸಿದ ವ್ಯವಸ್ಥೆ ಈಗಾಗಲೇ ಇರುವಾಗ ಅದನ್ನು ವಿಸ್ತರಿಸುವುದು ಅಸಾಧ್ಯವಾದ ಕೆಲಸವೇನಲ್ಲ.

ಅಲ್ಲಿಯವರೆಗೆ ಮಾರುವವರೇ ಎಚ್ಚರ ವಹಿಸಬೇಕಾಗಿದೆ. ಜಾಹೀರಾತು ಕೊಡುವ ಮೊದಲೇ ನೋಂದಣಿ ನವೀಕರಣ, ಬಾಕಿ ದಂಡ, ಸಾಲದ ನಮೂದು ಎಲ್ಲವನ್ನೂ ಇತ್ಯರ್ಥಗೊಳಿಸುವುದು, ಖಾಲಿ ಫಾರಂಗೆ ಸಹಿ ಹಾಕದಿರುವುದು, ಕೊಳ್ಳುವವರ ಗುರುತಿನ ದಾಖಲೆ ಪಡೆದು, ಒಪ್ಪಿಸಿದ ದಿನಾಂಕ ಮತ್ತು ಗಂಟೆಯನ್ನು ಬರೆದ ಪತ್ರಕ್ಕೆ ಇಬ್ಬರೂ ಸಹಿ ಮಾಡುವುದು, ಬ್ಯಾಂಕ್ ಮೂಲಕವೇ ಹಣ ಪಡೆಯುವುದು, ಫಾಸ್ಟ್ಯಾಗ್ ರದ್ದುಪಡಿಸುವುದು, ವಿಮಾ ಕಂಪನಿಗೆ ತಿಳಿಸುವುದು. ಹೆಸರು ಬದಲಾಗುವವರೆಗೆ ಬೆಲೆಯ ಒಂದು ಭಾಗವನ್ನು ಬಾಕಿ ಇರಿಸುವ ಒಪ್ಪಂದವೂ ಆಗಬಹುದು. ಬಾಕಿ ಹಣ ಕೊಡುವ ಹೊತ್ತಿಗೆ ವರ್ಗಾವಣೆಯನ್ನು ಮುಗಿಸುವ ನೆನಪು ಇಬ್ಬರಿಗೂ ಇರುತ್ತದೆ.

ವಾಹನದ ಸಂಖ್ಯೆಯನ್ನು ಕೇಂದ್ರದ ಪರಿವಾಹನ್ ತಾಣದಲ್ಲಿ ನಮೂದಿಸಿದರೆ ನೋಂದಣಿಯ ವಿವರ ಕಾಣುತ್ತದೆ. ಹಚ್ಚೊಳ್ಳಿಯಲ್ಲಿ ಕುಳಿತೇ ಮೊಬೈಲ್‌ನಲ್ಲಿ ಇದನ್ನು ನೋಡಬಹುದು. ಕಾರು ಹೋದ ತಿಂಗಳ ಬಳಿಕ ಒಮ್ಮೆ, ಆಮೇಲೆ ಮತ್ತೊಮ್ಮೆ ಹಾಗೆ ನೋಡಿ, ಹೆಸರು ಬದಲಾಗಿದೆ ಎಂಬುದು ಖಚಿತವಾದ ದಿನವೇ ಮಾರಾಟ ಮುಗಿದ ದಿನ.